ಪಿ.ಬಿ. ರೋಡಿನ ಗುರು ಗ್ರಹ

ನಮ್ಮ ಮನೆಯಲ್ಲಿ ಬಹಳ ವರ್ಷ ಎರಡು ಗ್ರಹಗಳಿದ್ದವು. ಒಂದು ಅಮ್ಮನ ಗುರು. ಇನ್ನೊಂದು ಅಕ್ಕನ ಮಗನ ಜುಪಿಟರ್.

ಅಮ್ಮನ ಗುರು ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ಇರ್ತಾನೆ. ವರ್ಷಕ್ಕೊಂದು ರಾಶಿ ದಾಟ್ತಾನೆ. ಅವನು ಸರಿಯಾದ ಮನೆಗೆ ಬಂದರೆ ನನಗೆ 'ಗುರುಬಲ' ಬರುತ್ತೆ, ಬಂದರೆ ಮದುವೆ ಆಗುತ್ತೆ. (ಇಪ್ಪತ್ತೆಂಟು ದಾಟಿದ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಗಂಡುಮಗನಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.) ಅಕ್ಕನ ಮಗನ ಜುಪಿಟರ್ ಅವನ ಏಳನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲಿದೆ. ಅದು ದೊಡ್ಡದು, ಪಟ್ಟೆಪಟ್ಟೆ, ಹೈಡ್ರೋಜನ್ ಮತ್ತು ಹೀಲಿಯಂ, ಒಂದು ಅಂಕದ ಪ್ರಶ್ನೆ. ಇಬ್ಬರೂ ಒಂದೇ ಸೋಫಾದ ಮೇಲೆ ಕೂತು ಒಂದೇ ಧಾರಾವಾಹಿ ನೋಡೋರು. ಆದರೆ ತಾವಿಬ್ಬರೂ ಒಂದೇ ವಸ್ತುವಿನ ಅರ್ಧರ್ಧ ತಿಳ್ಕೊಂಡಿದ್ದೀವಿ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ.

ಇದು ನನಗೆ ಗೊತ್ತಾಗಿದ್ದು 2025ರ ಸಂಕ್ರಾಂತಿಗೆ ದಾವಣಗೆರೆಗೆ ಹೋದಾಗ. ಅಳಿಯರಾಯರು ಹೋಮ್‌ವರ್ಕ್ ಮಾಡ್ತಾ ಇದ್ರು.

"ಮಾಮಾ, ಗ್ಯಾಸ್ ಜಯಂಟ್ ಅಂದ್ರೇನು?"

ಕನ್ನಡದಲ್ಲಿ ಹೇಳೋಣ ಅನ್ನೋ ಚಟ ನನಗೆ. "ಅನಿಲ ದೈತ್ಯ" ಅಂದೆ.

"ನಮ್ ಕ್ಲಾಸಿನ ಅನಿಲಾ?"

ನಗು ತಡೆಯೋದಕ್ಕೆ ಆಗಲಿಲ್ಲ. ಆ ಅನಿಲ ಹಿಂದಿನ ಬೆಂಚಿನ ಆರಡಿ ಹುಡುಗನಂತೆ, ದೈತ್ಯನೇ :-)

ಅವತ್ತು ಸಂಜೆ ತಾರಸಿಗೆ ಹೋದೆವು. ನೆತ್ತಿಯ ಹತ್ತಿರ, ಕೆಂಪಗಿನ ರೋಹಿಣಿ ನಕ್ಷತ್ರದ ಪಕ್ಕ ಗುರು ಫಳಫಳ ಅಂತ ಇದ್ದ. ಹುಡುಗ ನನ್ನ ಫೋನ್ ಎತ್ತಿ ಹಿಡಿದ. ಆಪ್ 'ಜುಪಿಟರ್, ಟಾರಸ್' ಅಂತ ತೋರಿಸ್ತು. ಒಣಹಾಕಿದ ಬಟ್ಟೆ ತೆಗೆಯೋಕೆ ಬಂದಿದ್ದ ಅಮ್ಮ ತಲೆ ಕೂಡ ಎತ್ತದೆ, "ಗುರು ಈಗ ವೃಷಭದಾಗೆ ಅದಾನೆ" ಅಂದರು. ಟಾರಸ್ ಅಂದ್ರೆ ಗೂಳಿ, ವೃಷಭ ಅಂದ್ರೂ ಅದೇ ಅಂತ ನಾನು ಹೇಳಿದಾಗ ಹುಡುಗ ಆಪ್ ನೋಡಿದ, ಆಕಾಶ ನೋಡಿದ, ಆಮೇಲೆ ಅಜ್ಜಿಯನ್ನು ನೋಡಿದ. ಇಂಟರ್ನೆಟ್ ಇಲ್ಲದೆ ಅಜ್ಜಿಗೆ ಇದು ಹೆಂಗೆ ಗೊತ್ತಾಯ್ತು ಅನ್ನೋದು ಅವನ ಮುಖದ ಮೇಲೆ ಬರೆದಿತ್ತು. ಅಮ್ಮನೂ ಬಟ್ಟೆ ಬಿಟ್ಟು ಮೇಲೆ ನೋಡಿದರು. "ಅದಾ ಗುರು?" ಅಂದರು. ಅರವತ್ತು ವರ್ಷ ಪಂಚಾಂಗದಲ್ಲಿ ನೋಡಿದ್ದ ಗುರುವನ್ನು ಅಮ್ಮ ಆಕಾಶದಲ್ಲಿ ಮೊದಲ ಸಲ ನೋಡಿದ್ದು ಅವತ್ತೇ ಅಂತ ಕಾಣುತ್ತೆ. ನನಗೆ ಒಂಥರಾ ಆಯ್ತು. ಇವರಿಬ್ಬರಿಗೂ ಇದನ್ನ ಒಟ್ಟಿಗೆ ತೋರಿಸಬೇಕು ಅನ್ನಿಸಿತು.

ಹೇಗೆ ತೋರಿಸೋದು?

ಪುಸ್ತಕದ ಚಿತ್ರದಿಂದ ಆಗಲ್ಲ. ಆ ಚಿತ್ರ ನಿಮಗೆಲ್ಲ ನೆನಪಿದೆ. ಎಡಗಡೆ ಅರ್ಧ ಸೂರ್ಯ, ಬಲಗಡೆ ಸಾಲಾಗಿ ಎಂಟು ಗೋಲಿ, ಬಸ್ ಸ್ಟ್ಯಾಂಡಿನಲ್ಲಿ ಕ್ಯೂ ನಿಂತ ಹಾಗೆ. ನಾನು ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷ ಡ್ರಾಯಿಂಗ್ ಶೀಟಿನ ಮೂಲೆಯಲ್ಲಿ ಸ್ಕೇಲ್ ಬರೆಯದಿದ್ದರೆ ಅಂಕ ಕಳೆಯುತ್ತಿದ್ದರು. ಈ ಚಿತ್ರಕ್ಕೆ ಮಾತ್ರ ಯಾರೂ ಸ್ಕೇಲ್ ಕೇಳಲ್ಲ. ಕೇಳಿದರೆ ಆ ಚಿತ್ರ ನಿಲ್ಲೋದೇ ಇಲ್ಲ, ಯಾಕಂದ್ರೆ ಸೌರಮಂಡಲದಲ್ಲಿ ಮುಖ್ಯವಾಗಿ ಇರೋದು ಖಾಲಿ ಜಾಗ. ಖಾಲಿ ಜಾಗ ಪುಟದಲ್ಲಿ ಹಿಡಿಸಲ್ಲ, ಕಾಲಿನಲ್ಲಿ ಹಿಡಿಸುತ್ತೆ.

ಇದು ನನ್ನ ಸ್ವಂತ ಐಡಿಯಾ ಏನಲ್ಲ. ಹಿಂದೆ ಆಫೀಸಿನವರು ಮೂರು ತಿಂಗಳು ಜ್ಯೂರಿಕ್‌ಗೆ ಕಳಿಸಿದ್ದರು. ಅಲ್ಲಿ ಊರ ಪಕ್ಕದ ಯೂಟ್ಲಿಬರ್ಗ್ ಗುಡ್ಡದ ಮೇಲೆ 1979ರಲ್ಲೇ ಮಾಡಿದ ಒಂದು 'ಗ್ರಹಗಳ ದಾರಿ' ಇದೆ. 1ಕ್ಕೆ 100 ಕೋಟಿ ಅಳತೆ. ಸೂರ್ಯ 1 ಮೀಟರ್ 39 ಸೆಂ.ಮೀ. ಗುಂಡು. ಅಲ್ಲಿಂದ ಗುಡ್ಡದ ನೆತ್ತಿಯುದ್ದಕ್ಕೂ ನಡೀತಾ ಹೋದರೆ ದೊಡ್ಡ ದೊಡ್ಡ ಬಂಡೆಗಳ ಮೇಲೆ ಒಂದೊಂದೇ ಗ್ರಹ ಸಿಗುತ್ತೆ, ಬಟಾಣಿ, ಗೋಲಿ ಅಳತೆಯಲ್ಲಿ. 778 ಮೀಟರ್ ಹೋದರೆ ಗುರು. ಅದರ ಮುಂದೆ ನಿಂತು, ಬಾರದ ಜರ್ಮನ್ನಿನ ಫಲಕಕ್ಕೆ ಫೋನ್ ಹಿಡಿದು ಓದುತ್ತಿದ್ದಾಗ ಅಂದುಕೊಂಡಿದ್ದೆ, ಇದು ನಮ್ಮೂರಲ್ಲಿ ಇರಬೇಕಿತ್ತು ಅಂತ. ಸ್ವೀಡನ್ನಿನವರು ಇದನ್ನೇ ಇಡೀ ದೇಶದ ತುಂಬಾ ಮಾಡಿದ್ದಾರೆ, 1ಕ್ಕೆ 2 ಕೋಟಿ ಅಳತೆಯಲ್ಲಿ. ಸ್ಟಾಕ್‌ಹೋಮಿನ ಒಂದು ದೊಡ್ಡ ಗುಂಡು ಕ್ರೀಡಾಂಗಣವೇ ಸೂರ್ಯ, ಗುರು ಸುಮಾರು 40 ಕಿ.ಮೀ. ದೂರದ ವಿಮಾನ ನಿಲ್ದಾಣದಲ್ಲಿ.

ನಮಗೆ ಅಷ್ಟೆಲ್ಲ ಯಾಕೆ? ದಾವಣಗೆರೆಯಿಂದ ಹರಿಹರಕ್ಕೆ ಹಳೇ ಪೂನಾ-ಬೆಂಗಳೂರು ರಸ್ತೆಯಲ್ಲಿ ಹೆಚ್ಚುಕಮ್ಮಿ 14 ಕಿ.ಮೀ. ಸೂರ್ಯನಿಂದ ನೆಪ್ಚೂನಿಗೆ ಸುಮಾರು 450 ಕೋಟಿ ಕಿ.ಮೀ. ಸೂರ್ಯನನ್ನು ನಮ್ಮ ಮನೆ ಮುಂದೆ ಇಟ್ಟು ನೆಪ್ಚೂನನ್ನು ಹರಿಹರದ ಬಾಗಿಲಿಗೆ, 13.5 ಕಿ.ಮೀ.ಗೆ ಇಟ್ಟರೆ ಅಳತೆ ಎಷ್ಟು ಬರುತ್ತೆ ಗೊತ್ತಾ? 1ಕ್ಕೆ ಮೂವತ್ತಮೂರು ಕೋಟಿ ಚಿಲ್ಲರೆ! ನಾನು ಬೇಕಂತ ತಂದ ಸಂಖ್ಯೆ ಅಲ್ಲ, ಭಾಗಾಕಾರದಲ್ಲಿ ತಾನಾಗಿ ಬಂತು. ಮೂವತ್ತಮೂರು ಕೋಟಿ ಅಂದ ಕೂಡಲೇ ಅಮ್ಮನಿಗೆ ಇಡೀ ಯೋಜನೆ ಮೇಲೆ ನಂಬಿಕೆ ಬಂತು :-)

ಭಾನುವಾರ ಬೆಳಿಗ್ಗೆ ಐದೂವರೆಗೆ ಅಕ್ಕ ಸೂರ್ಯನನ್ನು ಬಿಡಿಸಿದಳು. ರಸ್ತೆ ಮಧ್ಯೆ ಒಂದು ಮೊಳೆ, ಅದಕ್ಕೆ ಎರಡು ಮೀಟರ್ ಎಂಟು ಸೆಂಟಿಮೀಟರ್ ದಾರ, ದಾರದ ತುದಿಯಲ್ಲಿ ರಂಗೋಲಿ ಡಬ್ಬಿ. ಒಂದು ಸುತ್ತು ಬಂದರೆ 4 ಮೀಟರ್ 17 ಸೆಂ.ಮೀ. ಅಗಲದ ಸೂರ್ಯ. ಎದುರು ಮನೆಯವರ ಗೇಟಿನ ತನಕ ಹೋಯಿತು. ಹಾಲಿನ ಆಟೋ ಅದರ ಮೇಲೇ ಹಾದು ಹೋಯ್ತು, ಪರವಾಗಿಲ್ಲ.

ಹೊರಟವರು ಐದು ಜನ. ಅಪ್ಪ, ಅಮ್ಮ, ಅಕ್ಕ, ಅವಳ ಮಗ, ನಾನು. ಅಪ್ಪನಿಗೆ ಮಂಡಿ ನೋವು. ಡಾಕ್ಟರು ದಿನಾ ನಿಧಾನಕ್ಕೆ ನಡೀರಿ ಅಂದಿದ್ದಾರೆ. ಅವರಿಗೆ ಇದು ವಾಕಿಂಗ್, ಗ್ರಹಗಳು ಬೋನಸ್ಸು.

174 ಮೀಟರಿಗೆ ಬುಧ, ಒಂದೂವರೆ ಸೆಂಟಿಮೀಟರಿನ ಗೋಲಿ. 325 ಮೀಟರಿಗೆ ಶುಕ್ರ. 450 ಮೀಟರಿಗೆ ನಾವು. ಭೂಮಿಗೆ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದಿದ್ದೆ, 3.8 ಸೆಂಟಿಮೀಟರಿಗೆ ಸರಿಯಾಗೋ ಹಾಗೆ ಸ್ಕೇಲ್ ಹಿಡಿದು ಆರಿಸಿದ್ದು. ಅದರಿಂದ 1 ಮೀಟರ್ 15 ಸೆಂ.ಮೀ. ದೂರ ಒಂದು ಕಡಲೆಕಾಳು, ಅದು ಚಂದ್ರ. "ಮನುಷ್ಯರು ಹೋಗಿ ಬಂದಿರೋದು ಇಷ್ಟೇ ದೂರ" ಅಂತ ಹುಡುಗನಿಗೆ ತೋರಿಸಿದೆ. ಒಂದು ಮಾರು ಕೂಡ ಇಲ್ಲ. ಅಕ್ಕ ಬಿಡಿಸಿದ ಸೂರ್ಯನನ್ನು ಎತ್ತಿ ನಿಲ್ಲಿಸಿ ಈ ನಿಂಬೆಹಣ್ಣಿನ ಜಾಗದಿಂದ ನೋಡಿದರೆ, ಆಕಾಶದಲ್ಲಿ ನಿಜವಾದ ಸೂರ್ಯ ಎಷ್ಟು ದೊಡ್ಡದು ಕಾಣುತ್ತೋ ಸರಿಯಾಗಿ ಅಷ್ಟೇ ಕಾಣುತ್ತೆ. ಗಾತ್ರ, ದೂರ ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದ್ದೇವಲ್ಲ.

684 ಮೀಟರಿಗೆ ಮಂಗಳ. ಅಲ್ಲಿಂದ ಶುರು ನೋಡಿ, ಖಾಲಿ.

ಮಂಗಳದಿಂದ ಗುರುವಿಗೆ ಈ ಅಳತೆಯಲ್ಲಿ 1,650 ಮೀಟರ್. ನಡುವೆ ಕ್ಷುದ್ರಗ್ರಹಗಳ ಪಟ್ಟಿ ಇದೆ ಅಂತ ಪುಸ್ತಕದಲ್ಲಿ ಜಲ್ಲಿಕಲ್ಲು ಸುರಿದ ಹಾಗೆ ಚಿತ್ರ ಇರುತ್ತೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸೆರೆಸ್ ಇಲ್ಲಿ ಸಾಸಿವೆಗಿಂತ ತುಸು ದೊಡ್ಡದು, 3 ಮಿಲಿಮೀಟರೂ ಇಲ್ಲ. ಉಳಿದದ್ದು ಬಹುಪಾಲು ಕಣ್ಣಿಗೇ ಕಾಣದ ಪುಡಿ. ಹತ್ತು ನಿಮಿಷ ಆದಮೇಲೆ ಹುಡುಗ "ಮಾಮಾ, ಬೋರ್ ಆಗ್ತೈತಿ" ಅಂದ. ಇಪ್ಪತ್ತು ನಿಮಿಷಕ್ಕೆ "ಇನ್ನೂ ಎಷ್ಟು ದೂರ?" ಅಂದ. ನನಗೆ ಒಳಗೊಳಗೇ ಖುಷಿ. ಆ ಬೋರೇ ಪಾಠ. ಪುಸ್ತಕದಲ್ಲಿ ಮಂಗಳದಿಂದ ಗುರುವಿಗೆ ಒಂದೂವರೆ ಇಂಚು. ಅದನ್ನ ನೋಡಿ ಯಾವ ಮಗುವಿಗೂ ಬೋರ್ ಆಗಲ್ಲ, ಹಾಗಾಗಿ ಯಾವ ಮಗುವಿಗೂ ಗೊತ್ತಾಗಲ್ಲ.

ಇನ್ನೊಂದು ಸಂಗತಿ ದಾರಿಯಲ್ಲಿ ಹೊಳೆಯಿತು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ 90 ಸೆಂಟಿಮೀಟರ್. ಗಂಟೆಗೆ 3 ಕಿ.ಮೀ. ಚಿಲ್ಲರೆ. ಅಂದ್ರೆ ಮಂಡಿ ನೋವಿರೋ ನಮ್ಮಪ್ಪನ ನಡಿಗೆ! ಸೂರ್ಯನಿಂದ ಗುರುವಿಗೆ ಬೆಳಕು 43 ನಿಮಿಷ ತಗೊಳ್ಳುತ್ತೆ. ಅಪ್ಪ, ಎಲೆ ಅಡಿಕೆ ಹಾಕಿಕೊಳ್ಳೋಕೆ ನಿಂತದ್ದು ಬಿಟ್ಟರೆ, 45 ನಿಮಿಷ. "ಅಜ್ಜ ಬೆಳಕಿನ ವೇಗದಾಗೆ ನಡೀತಾನೆ" ಅಂತ ಹುಡುಗ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಅಪ್ಪ ಗಂಭೀರವಾಗಿ "ಹೌದಪ್ಪ, ಜೋರಾಗಿ ನಡೀಬೇಡ ಅಂದಾರೆ ಡಾಕ್ಟ್ರು" ಅಂದರು.

ಅಂತೂ 2 ಕಿ.ಮೀ. 335 ಮೀಟರ್ ಆಯ್ತು. ಗುರು ಬಂದ. ನಿಮಗೆ ಹೇಳಬೇಕಾದ್ದೇ ಇದು. ಗುರುವಿಗೆ 43 ಸೆಂಟಿಮೀಟರ್ ಅಗಲದ ಚೆಂಡು ಬೇಕಿತ್ತು. ಎರಡು ದಿನ ಹುಡುಕಿದರೂ ದಾವಣಗೆರೆಯಲ್ಲಿ ಸಿಕ್ಕಿರಲಿಲ್ಲ. ಬರಿಗೈಯಲ್ಲಿ ಬಂದಿದ್ದೆವು. ನಾವು ನಿಂತ ಜಾಗದಲ್ಲಿ ಒಂದು ಪಂಕ್ಚರ್ ಅಂಗಡಿ. ಹೊರಗೆ ಹಳೇ ಸ್ಕೂಟರ್ ಟೈರುಗಳನ್ನು ಸಾಲಾಗಿ ನೇತು ಹಾಕಿದ್ದರು. ಹತ್ತು ಇಂಚಿನ ರಿಮ್ಮಿಗೆ ಹಾಕುವ ಟೈರು. ಟೇಪ್ ಹಿಡಿದೆ. ಹೊರ ಅಳತೆ 43 ಸೆಂಟಿಮೀಟರ್! ಅಂಗಡಿಯವನು ಶಟರ್ ಎತ್ತುತ್ತಾ ಕೇಳಿದ, "ಏನ್ ಗುರೂ, ಬೆಳಗಾ ಮುಂಚೆ? ಯಾವ ಗಾಡಿಗೆ?" ನಮ್ಮ ಹುಡುಗ ನಕ್ಕಿದ್ದು ನೋಡಿ ಅವನಿಗೆ ಏನೂ ಅರ್ಥ ಆಗಲಿಲ್ಲ. ವಿಷಯ ಹೇಳಿದ ಮೇಲೆ ಅವನೇ ಒಂದು ಟೈರು ಇಳಿಸಿ ಒರೆಸಿ ಕೊಟ್ಟ.

ಆ ಟೈರಿನ ಪಕ್ಕ ನಿಂಬೆಹಣ್ಣು ಇಟ್ಟೆವು. (ಭೂಮಿಯನ್ನು ಜೇಬಲ್ಲಿ ಹಾಕಿಕೊಂಡು ಬಂದಿದ್ದ ಹುಡುಗ.) ಅಮ್ಮ ಬಗ್ಗಿ ನೋಡಿದರು. "ನಾವೆಲ್ಲಾ ಇಷ್ಟೇನಾ?" ಅಂದರು. ಗುರುವಿನ ಮೇಲೆ ಒಂದು ಕೆಂಪು ಚುಕ್ಕೆ ಇದೆ, ಅದೊಂದು ಚಂಡಮಾರುತ, ನೂರಾರು ವರ್ಷದ್ದು. ಈಗೀಗ ಕುಗ್ಗುತ್ತಾ ಬಂದಿದೆ. ಆದರೂ ಅದರೊಳಗೆ ನಮ್ಮ ನಿಂಬೆಹಣ್ಣು ಸಲೀಸಾಗಿ ಬಿದ್ದು ಹೋಗುತ್ತೆ.

ಅಪ್ಪ ಹರಿಹರದಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಹರಿಹರ ಅಂದ್ರೆ ಹೊರಗಿನವರಿಗೆ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ. ನಮ್ಮ ಭಾಗದವರಿಗೆ ಅದು ಲೇತಿನ ಊರೂ ಹೌದು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳು ದೇಶದ ತುಂಬಾ ಹೋಗಿದ್ದವು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕದ ಮೇಲಾಯ್ತು, ಕೈ ಕಲಿತ ಜನ ಇನ್ನೂ ಇದ್ದಾರೆ. ಹಾಗಾಗಿ ಅಪ್ಪನಿಗೆ ಹುಟ್ಟಿದ ಪ್ರಶ್ನೆ ಬೇರೆಯದೇ. "ಇದನ್ನ ಬೀಡಿನಾಗೆ ತಿರುವಿದ್ರೆ ಮುನ್ನೂರು ಕೆಜಿ ಬರ್ತತಿ. ನಿಜವಾದ್ದು ಎಷ್ಟೈತಿ?" ಫೋನಿನಲ್ಲಿ ಲೆಕ್ಕ ಹಾಕಿದೆ. ಗುರುವಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಜಾಸ್ತಿ, 1.33. ನಮ್ಮ ಅಳತೆಯಲ್ಲಿ ಗುರು ಸುಮಾರು 51 ಕೆಜಿ ತೂಗುತ್ತೆ. ಒಂದು ಅಕ್ಕಿ ಚೀಲ. ಭೂಮಿ 160 ಗ್ರಾಂ. ಸೂರ್ಯನೊಬ್ಬನನ್ನು ಬಿಟ್ಟು ಉಳಿದ ಏಳೂ ಗ್ರಹಗಳನ್ನು ತಕ್ಕಡಿಗೆ ಹಾಕಿದರೂ 21 ಕೆಜಿ ದಾಟಲ್ಲ. ಅಂದ್ರೆ ಸೌರಮಂಡಲ ಅಂದ್ರೆ ಸೂರ್ಯ, ಒಂದು ಅಕ್ಕಿ ಚೀಲ, ಮತ್ತೆ ಚಿಲ್ಲರೆ. ಆ ಚಿಲ್ಲರೆಯಲ್ಲಿ ನಾವು.

"ಹಂಗಾದ್ರೆ ಇದರೊಳಗೆ ತೂರಿಕೊಂಡು ಆ ಕಡೆ ಹೋಗಬಹುದಾ? ಗ್ಯಾಸ್ ತಾನೇ?" ಅಂತ ಹುಡುಗ. ಇದು ಒಳ್ಳೆಯ ಪ್ರಶ್ನೆ, ಪುಸ್ತಕ ಇದಕ್ಕೆ ಉತ್ತರ ಹೇಳಲ್ಲ. 'ಅನಿಲ' ಅನ್ನೋ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತೆ ಅಂತ ನನ್ನ ಅಭಿಪ್ರಾಯ. ಮೇಲೆ ಅನಿಲ ನಿಜ. ಕೆಳಗಿಳಿದಂತೆ ಒತ್ತಡ ಏರಿ ಅದು ದಟ್ಟ ದ್ರವದ ಹಾಗೆ ಆಗ್ತಾ ಹೋಗುತ್ತೆ, ಇಲ್ಲಿಂದ ಗಾಳಿ ಮುಗೀತು, ಇಲ್ಲಿಂದ ದ್ರವ ಅಂತ ಗೆರೆ ಎಳೆಯೋಕಾಗಲ್ಲ. ಇನ್ನೂ ಆಳದಲ್ಲಿ ಹೈಡ್ರೋಜನ್ ಲೋಹದ ಹಾಗೆ ವಿದ್ಯುತ್ ಹರಿಸುತ್ತೆ. ನಡುವಿನ ತಿರುಳೂ ಗಟ್ಟಿ ಕಲ್ಲಿನ ಗುಂಡಲ್ಲ, ಸುತ್ತಲಿನದರ ಜೊತೆ ಕಲಸಿಕೊಂಡು ಹರಡಿದೆ ಅಂತ 2016ರಲ್ಲಿ ಅಲ್ಲಿಗೆ ಮುಟ್ಟಿದ ಜೂನೋ ನೌಕೆಯ ಅಳತೆಗಳು ಸೂಚಿಸಿವೆ. ಕಾಲಿಡೋಕೆ ನೆಲ ಇಲ್ಲ. 1995ರ ಡಿಸೆಂಬರಿನಲ್ಲಿ ಗೆಲಿಲಿಯೋ ನೌಕೆಯಿಂದ ಬಿಟ್ಟ ಒಂದು ಯಂತ್ರ ಪ್ಯಾರಾಚೂಟ್ ಕಟ್ಟಿಕೊಂಡು ಒಳಗಿಳಿದು ಸುಮಾರು ಒಂದು ಗಂಟೆ ಮಾಹಿತಿ ಕಳಿಸಿತು. ನೂರೈವತ್ತು ಕಿ.ಮೀ. ಆಸುಪಾಸು ಇಳಿಯುವಷ್ಟರಲ್ಲಿ ಬಿಸಿಗೂ ಒತ್ತಡಕ್ಕೂ ಸುಮ್ಮನಾಯ್ತು. ನಮ್ಮ ಟೈರಿನ ಮೇಲೆ ಅದು ಅರ್ಧ ಮಿಲಿಮೀಟರ್. ಅಂಗಡಿಯವನು ಒರೆಸುವ ಮುಂಚೆ ಅದರ ಮೇಲೆ ಇದ್ದ ಧೂಳಿನಷ್ಟು. ಮನುಷ್ಯ ಮಾಡಿದ ಯಂತ್ರ ಗುರುವಿನ ಒಳಗೆ ಹೋಗಿ ಸುದ್ದಿ ಕೊಟ್ಟಿರೋದು ಅಷ್ಟೇ ಆಳದ್ದು.

ಆಮೇಲೆ ಚಂದ್ರರು. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕನ್ನು ಮಾತ್ರ ಇಟ್ಟೆವು, ಉಳಿದವು ಧೂಳು. (ಒಟ್ಟು ಎಷ್ಟು ಚಂದ್ರ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ, ಆ ಸಂಖ್ಯೆ ಆಗಾಗ ಏರುತ್ತಾ ಇರುತ್ತೆ.) ಟೈರಿನ ನಡುವಿನಿಂದ 1.27 ಮೀಟರಿಗೆ ಅಯೋ, 2 ಮೀಟರಿಗೆ ಯೂರೋಪಾ, ಇವೆರಡೂ ಕಡಲೆಕಾಳು. 3.2 ಮೀಟರಿಗೆ ಗ್ಯಾನಿಮೀಡ್, 5.65 ಮೀಟರಿಗೆ ಕ್ಯಾಲಿಸ್ಟೋ, ಇವೆರಡೂ ಗೋಲಿ. ಕ್ಯಾಲಿಸ್ಟೋ ಚರಂಡಿ ಮೇಲಿನ ಚಪ್ಪಡಿಗೆ ಬಂತು. ಗ್ಯಾನಿಮೀಡ್ ಇಟ್ಟಾಗ ಒಂದು ಕಥೆ ಹೇಳಿದೆ. 1972ರ ಜೂನಿನಲ್ಲಿ ಈ ಗೋಲಿ ದೂರದ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಅದನ್ನು ಅಳೆದ ಎರಡು ಜಾಗಗಳಲ್ಲಿ ಒಂದು ಇಂಡೋನೇಷ್ಯಾದ್ದು, ಇನ್ನೊಂದು ತಮಿಳುನಾಡಿನ ಕಾವಲೂರು. ಇವತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯ ಅದು. ನಕ್ಷತ್ರದ ಬೆಳಕು ಥಟ್ಟನೆ ಆರದೆ ಮಸುಕಾಗುತ್ತಾ ಹೋದದ್ದರಿಂದ ಆ ಗೋಲಿಗೆ ತೆಳು ವಾತಾವರಣ ಇದೆ ಅಂದರು. 1979ರಲ್ಲಿ ವಾಯೇಜರ್ ಹತ್ತಿರ ಹೋಗಿ ನೋಡಿದಾಗ ಅದು ಅಂದುಕೊಂಡದ್ದಕ್ಕಿಂತ ಬಹಳ ಬಹಳ ತೆಳು ಅಂತ ಗೊತ್ತಾಯ್ತು. ವಿಜ್ಞಾನ ಹೀಗೇ, ತಿದ್ದಿಕೊಳ್ಳುತ್ತಾ ಹೋಗುತ್ತೆ. ಆದರೂ ಇಷ್ಟು ದೂರದಿಂದ ಈ ಗೋಲಿಯ ಸುತ್ತ ಗಾಳಿ ಇದೆಯಾ ಅಂತ ಕೇಳುವ ಧೈರ್ಯ ನಮ್ಮ ಪಕ್ಕದ ಬೆಟ್ಟದ ಮೇಲೆ ಇತ್ತಲ್ಲ, ಅದು ನನಗೆ ದೊಡ್ಡದು.

ಹುಡುಗ ಹಿಂದೆ ತಿರುಗಿ, "ಇಲ್ಲಿಂದ ನಿಂಬೆಹಣ್ಣು ಕಾಣ್ತಿತ್ತಾ ಮಾಮಾ?" ಅಂದ. ಅದು ಇದ್ದ ಜಾಗ ಎರಡು ಕಿ.ಮೀ.ಗೆ ಸ್ವಲ್ಪ ಕಮ್ಮಿ. ಇಲ್ಲ ಅಂದೆ. ಅಷ್ಟು ದೂರದಿಂದ ಈ ಟೈರೂ ಬರೀ ಒಂದು ಚುಕ್ಕೆ. ನಿನ್ನೆ ತಾರಸಿ ಮೇಲೆ ನೋಡಿದ್ದು ಇದೇ ಚುಕ್ಕೆ ಅಂದೆ. ಹುಡುಗ ಸುಮ್ಮನಾದ. ಅಮ್ಮನೂ.

ಅಲ್ಲಿಂದ ಮುಂದೆ ಬಸ್ಸು. 4.3 ಕಿ.ಮೀ.ಗೆ ಶನಿ. 2020ರ ಡಿಸೆಂಬರ್ 21ಕ್ಕೆ ಗುರು ಶನಿ ಒಂದಕ್ಕೊಂದು ಅಂಟಿಕೊಂಡಂತೆ ಕಂಡದ್ದು ನೀವೂ ನೋಡಿರ್ತೀರಿ. ಅವತ್ತು ಕೂಡ ಅವುಗಳ ನಡುವೆ ಈ ರಸ್ತೆಯ ಲೆಕ್ಕದಲ್ಲಿ ಎರಡು ಕಿ.ಮೀ. ಇತ್ತು. 8.6 ಕಿ.ಮೀ.ಗೆ, ದೊಡ್ಡಬಾತಿಯ ಆಚೆ ಈಚೆ, ಯುರೇನಸ್. ಇದಕ್ಕೆ ಉಂಗುರಗಳಿವೆ ಅಂತ 1977ರ ಮಾರ್ಚಿನಲ್ಲಿ ಕಂಡವರಲ್ಲಿ ಮತ್ತೆ ಅದೇ ಕಾವಲೂರಿನವರು ಇದ್ದರು. ಹರಿಹರದಲ್ಲಿ ನೆಪ್ಚೂನ್, ಒಂದು ಸಣ್ಣ ಕರಬೂಜ. ಅಪ್ಪ ನಡೆದೇ ಬಂದಿದ್ದರೆ ನಾಲ್ಕು ಗಂಟೆ ಹತ್ತು ನಿಮಿಷ.

ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮ 2020ರ ಪುಷ್ಕರ ನೆನಪು ಮಾಡಿಕೊಂಡರು. ಗುರು ಮಕರಕ್ಕೆ ಬಂದಾಗ ತುಂಗಭದ್ರೆಗೆ ಪುಷ್ಕರ. ಆ ವರ್ಷ ನವೆಂಬರ್ 20ರಿಂದ ಹನ್ನೆರಡು ದಿನ. ಕೊರೊನಾ ಕಾಲ, ಅಮ್ಮ ಬಂದು ತಲೆಗೆ ನೀರು ಪ್ರೋಕ್ಷಿಸಿಕೊಂಡು ಹೋಗಿದ್ದರಂತೆ. ಹನ್ನೆರಡು ವರ್ಷಕ್ಕೊಮ್ಮೆ ಯಾಕೆ ಅಂತ ಹುಡುಗ ಕೇಳಿದ. ಅಮ್ಮ ನನ್ನ ಮುಖ ನೋಡಿದರು. ಗುರು ಸೂರ್ಯನನ್ನು ಒಂದು ಸುತ್ತು ಬರೋಕೆ 11.86 ವರ್ಷ, ಅದೇ ಅಜ್ಜಿಯ ಹನ್ನೆರಡು. ಸುಮ್ಮನೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ನಮ್ಮ ಟೈರು ದಿನಕ್ಕೆ 3 ಮೀಟರ್ 40 ಸೆಂ.ಮೀ. ಉರುಳುತ್ತೆ. ಅದರ ಪೂರ್ತಿ ಸುತ್ತು 14.7 ಕಿ.ಮೀ. ಅಂದ್ರೆ ಹೆಚ್ಚುಕಮ್ಮಿ ದಾವಣಗೆರೆ-ಹರಿಹರದಷ್ಟೇ! ಪಂಕ್ಚರ್ ಅಂಗಡಿಯ ಟೈರನ್ನು ಗುರುವಿನ ವೇಗದಲ್ಲಿ ದಾವಣಗೆರೆಯಿಂದ ಉರುಳಿಸಿಕೊಂಡು ಬಂದರೆ ತುಂಗಭದ್ರೆ ಮುಟ್ಟೋಕೆ ಒಂದು ಪುಷ್ಕರ ಬೇಕು. ಅಮ್ಮನಿಗೆ ಇದು ಬಹಳ ಹಿಡಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದರು.

ಇಷ್ಟೆಲ್ಲ ಬರೆದದ್ದು ಯಾಕಂದ್ರೆ, ಇಂಥ ಒಂದು ದಾರಿ ನಮ್ಮಲ್ಲಿ ಶಾಶ್ವತವಾಗಿ ಯಾಕಿರಬಾರದು? ಬೆಂಗಳೂರಿನಲ್ಲಿ 1989ರಿಂದ ನೆಹರೂ ತಾರಾಲಯ ಇದೆ, ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಇನ್ನೊಂದಿದೆ, ಅದು ಸಾಲದಾ ಅಂತ ಗೆಳೆಯನೊಬ್ಬ ಕೇಳಿದ. ಎರಡೂ ಒಳ್ಳೆಯವೇ. ಆದರೆ ತಾರಾಲಯದಲ್ಲಿ ಕುರ್ಚಿಗೆ ಒರಗಿ ಕೂತರೆ ಗುರು ತಾನೇ ನಿಮ್ಮ ಹತ್ತಿರ ಬರುತ್ತಾನೆ. ಇಲ್ಲಿ ನೀವು ಅವನ ಹತ್ತಿರ ಹೋಗಬೇಕು. ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ. ಇನ್ನು ಪಾರ್ಕುಗಳಲ್ಲಿ ಬಣ್ಣ ಬಳಿದ ಸಿಮೆಂಟು ಗ್ರಹಗಳನ್ನು ಹತ್ತು ಹತ್ತು ಅಡಿಗೆ ನಿಲ್ಲಿಸೋದಿದೆಯಲ್ಲ, ಅದು ಬೇಡವೇ ಬೇಡ. ಅದು ಪುಸ್ತಕದ ಸುಳ್ಳನ್ನೇ ಸಿಮೆಂಟಿನಲ್ಲಿ ಹೇಳಿದ ಹಾಗೆ.

ನಮ್ಮ ದಾರಿಯಲ್ಲೂ ಸುಳ್ಳಿದೆ, ಒಪ್ಪುತ್ತೇನೆ. ಗ್ರಹಗಳು ಹೀಗೆ ಒಂದೇ ರಸ್ತೆಯಲ್ಲಿ ಸಾಲಾಗಿ ನಿಲ್ಲಲ್ಲ. ಸೂರ್ಯ ನಮ್ಮ ಮನೆ ಮುಂದೆ ಇದ್ದರೆ ಗುರು ಊರಿನ ಯಾವ ದಿಕ್ಕಿನಲ್ಲಾದರೂ ಇರಬಹುದು. ರಸ್ತೆಯೂ ಹಗ್ಗ ಎಳೆದಷ್ಟು ನೇರ ಇಲ್ಲ. ಹಾಗಂತ ಮೊದಲ ಕಲ್ಲಿನ ಮೇಲೇ ಬರೆದುಬಿಟ್ಟರೆ ಆಯ್ತು. ಅದಕ್ಕಿಂತ ದೊಡ್ಡ ತೊಂದರೆ ಕಾಲುದಾರಿಯದು. ನಾವು ಹೋದ 2.3 ಕಿ.ಮೀ.ನಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಇರಲಿಲ್ಲ, ಇದ್ದ ಕಡೆ ಅದರ ಮೇಲೆ ಬೈಕು. ಅಪ್ಪನಂಥವರು ಲಾರಿ ಪಕ್ಕದಲ್ಲಿ ಬೆಳಕಿನ ವೇಗದಲ್ಲಿ ನಡೆಯೋದು ಅಪಾಯ. ಹರಿಹರದ ತನಕ ಆಗದಿದ್ದರೆ ಗುರುವಿನ ತನಕವಾದರೂ ನಡೆಯೋಕೆ ಬರುವಂತಿರಲಿ.

ಖರ್ಚೇನು? ಒಂಬತ್ತು ಕಲ್ಲು. ಮೈಲಿಗಲ್ಲು ನೆಡೋದು ನಮಗೆ ಹೊಸದೇನಲ್ಲ. ಗುಂಡು ತಿರುವೋಕೆ ಹರಿಹರದಲ್ಲಿ ಲೇತ್ ಇವೆ, ಅಪ್ಪ ರೆಡಿ. ಕಲ್ಲಿನ ಮೇಲೆ ಬರೆಯೋದು ಕನ್ನಡದಲ್ಲಿರಬೇಕು ಅನ್ನೋದೊಂದೇ ನನ್ನ ಹಟ. ಭಾಷಾಭಿಮಾನದ ಮಾತಲ್ಲ ಇದು. ಇಂಗ್ಲಿಷಿನಲ್ಲಿ ಬರೆದರೆ ಹುಡುಗ ಓದ್ತಾನೆ, ಅಮ್ಮ ದಾಟಿಕೊಂಡು ಹೋಗ್ತಾರೆ, ಮತ್ತೆ ಮನೆಯಲ್ಲಿ ಎರಡು ಗ್ರಹ ಆಗುತ್ತೆ. ಗುರುವಿನ ಕಲ್ಲಿಗೆ ನಾನು ಬರೆದಿಟ್ಟಿರೋದು ಹೀಗಿದೆ, ತಿದ್ದಿ:

"ಗುರು. ಜುಪಿಟರ್ ಅಂದರೂ ಇದೇ. ಸೂರ್ಯನಿಂದ ನೀವು 2 ಕಿ.ಮೀ. 335 ಮೀ. ನಡೆದಿದ್ದೀರಿ, ನಿಜದಲ್ಲಿ 77 ಕೋಟಿ 80 ಲಕ್ಷ ಕಿ.ಮೀ. ಇಲ್ಲಿ ಬಿಸಿಲು ಭೂಮಿಯ ಬಿಸಿಲಿನ 27ರಲ್ಲಿ ಒಂದು ಪಾಲು. ದಿನಕ್ಕೆ ಹತ್ತು ಗಂಟೆಗೂ ಕಮ್ಮಿ, ವರ್ಷಕ್ಕೆ ನಮ್ಮ ಹನ್ನೆರಡು ವರ್ಷ. ನೆಲ ಇಲ್ಲ. ಪುಷ್ಕರದ ಗುರು, ಗುರುವಾರದ ಗುರು, ರಾತ್ರಿ ಕಾಣುವ ಆ ಚುಕ್ಕೆ, ಎಲ್ಲ ಇವನೇ. ಮುಂದೆ ಶನಿ, ಇನ್ನೂ ಎರಡು ಕಿ.ಮೀ. ನೀರು ಕುಡಿದು ಹೊರಡಿ."

ನಿಮ್ಮೂರಲ್ಲೂ ಮಾಡಿ ನೋಡಿ. ಪಕ್ಕದ ಊರಿಗೆ ಎಷ್ಟು ಕಿ.ಮೀ. ಅಂತ ತಿಳ್ಕೊಂಡು 450 ಕೋಟಿಯನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಎಲ್ಲವನ್ನೂ ಭಾಗಿಸಿದರೆ ಮುಗೀತು. ನಿಮ್ಮ ಗುರು ಯಾವ ಅಂಗಡಿ ಮುಂದೆ ಬರ್ತಾನೆ ಅಂತ ಕಾಮೆಂಟಿನಲ್ಲಿ ಬರೆಯಿರಿ.

ನಮ್ಮ ಹುಡುಗನ ವಿಷಯ ಹೇಳಬೇಕು. ರಜೆ ಮುಗಿಸಿ ಹೋದವನು ನೋಟ್ ಬುಕ್ಕಿನ ಸೌರಮಂಡಲದ ಚಿತ್ರದ ಕೆಳಗೆ 'ಈ ಚಿತ್ರ ಅಳತೆಗೆ ಸರಿಯಾಗಿಲ್ಲ' ಅಂತ ಬರೆದಿದ್ದನಂತೆ, ಅದೂ ಕನ್ನಡದಲ್ಲಿ. ಮಿಸ್ಸು ಕೆಂಪು ಶಾಯಿಯಲ್ಲಿ ಅದನ್ನ ಹೊಡೆದು ಹಾಕಿದರಂತೆ. ಅಕ್ಕನಿಗೆ ಸಿಟ್ಟು ಬಂದು ನನಗೆ ಫೋಟೋ ಕಳಿಸಿದಳು. ನನಗೂ ಬಂತು. ಆದರೆ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಕ್ಲಾಸಿನ ನಾಲ್ಕು ಜನಕ್ಕೆ ಟೈರಿನ ಕಥೆ ಹೇಳಿದ್ದನಂತೆ, ಅವರೆಲ್ಲ ಬರ್ತಾರಂತೆ, ಅದರಲ್ಲಿ ಆ ದೈತ್ಯ ಅನಿಲನೂ ಒಬ್ಬ. ಯೂರೋಪಾ ಕ್ಲಿಪ್ಪರ್ ಅನ್ನೋ ನೌಕೆ 2024ರ ಅಕ್ಟೋಬರಿನಲ್ಲಿ ಹೊರಟಿದೆ, ಗುರುವನ್ನು ಮುಟ್ಟಬೇಕಿರೋದು 2030ರ ಏಪ್ರಿಲ್‌ಗೆ. ಅಷ್ಟರಲ್ಲಿ ಇವರೆಲ್ಲ ಸೆಕೆಂಡ್ ಪಿಯುಸಿ ಮುಗಿಸಿರ್ತಾರೆ.

ಮುಂದಿನ ಸಲ ಶನಿಯ ತನಕ ನಡೆಯೋದು ಅಂತ ತೀರ್ಮಾನ ಆಗಿದೆ. 36 ಸೆಂ.ಮೀ. ಗುಂಡು, ಸುತ್ತ 82 ಸೆಂ.ಮೀ. ಅಗಲದ ರಟ್ಟಿನ ಉಂಗುರ. ರಟ್ಟು ಕತ್ತರಿಸಿ ಆಗಿದೆ. ಅಮ್ಮನದು ಎರಡೇ ಕಂಡೀಷನ್ನು: ಶನಿವಾರ ಹೊರಡಬಾರದು, ಮತ್ತು ಶನಿಯನ್ನು ಮನೆಯೊಳಗೆ ತರಬಾರದು. ಸದ್ಯಕ್ಕೆ ಅದು ಪಂಕ್ಚರ್ ಅಂಗಡಿಯಲ್ಲಿ, ಗುರುವಿನ ಪಕ್ಕದ ಮೊಳೆಗೆ ನೇತಾಡ್ತಾ ಇದೆ.